ಗುರುತಿಲ್ಲದ ನಂಬರು

ಮಧ್ಯರಾತ್ರಿ ದಾಟಿತ್ತು. ಎದುರುಮನೆಯ ಬಾಗಿಲನ್ನು ತಾವು ಮೆಲ್ಲಗೆ ತಟ್ಟಿದ ಸದ್ದು ಲಿಯಾಂಗ್ ಅವರಿಗೇ ಜೋರೆನಿಸಿತು. ಇಸ್ಮತ್ ಕಣ್ಣುಜ್ಜುತ್ತಾ ಬಂದಳು.

“ನನ್ನ ಫೋನು ಕೆಟ್ಟಿದೆಯಮ್ಮ. ಒಂದು ಮಿಸ್ಡ್ ಕಾಲ್ ಕೊಡಬೇಕಿತ್ತು.”

“ಅದು ನಮ್ಮೂರವರ ವಿದ್ಯೆ ಪ್ರೊಫೆಸರ್, ನಿಮಗ್ಯಾರು ಕಲಿಸಿದ್ರು?” ಎಂದು ನಗುತ್ತಲೇ ಫೋನು ಕೊಟ್ಟಳು.

ಲಿಯಾಂಗ್ ಮೆಟ್ಟಿಲ ಬಳಿ ಸರಿದರು. ಚೀನಾದ ಬರಗಾಲದಲ್ಲಿ ಸತ್ತವರ ಹೆಸರುಗಳನ್ನು ಊರೂರು ತಿರುಗಿ ಬರೆದಿಟ್ಟು, ಆ ಸಾವುಗಳನ್ನು ಮುಚ್ಚಿಟ್ಟಿದ್ದ ಸರ್ಕಾರದ ಕೆಂಗಣ್ಣಿಗೆ ಬಿದ್ದು, ಜರ್ಮನಿಯ ಮ್ಯಾನ್‌ಹೈಮ್ ಸೇರಿ ಹನ್ನೊಂದು ವರ್ಷವಾಗಿತ್ತು. ಅವರೊಡನೆ ಮಾತಾಡಿದರೆ ಅಲ್ಲಿರುವ ತಂಗಿಯ ಮನೆಗೆ ಪೊಲೀಸರು ಬರುತ್ತಾರೆ. ಅದಕ್ಕೇ ವಾರಕ್ಕೊಮ್ಮೆ, ಅಲ್ಲಿ ಬೆಳಗಾಗುವ ಹೊತ್ತಿಗೆ, ಬರೀ ಮೂರು ರಿಂಗು. ಅವಳು ಎತ್ತುವುದಿಲ್ಲ. ಅಣ್ಣ ಬದುಕಿದ್ದಾನೆಂದು ತಿಳಿದರೆ ಸಾಕು.

ಇಂದು ಎರಡನೇ ರಿಂಗಿಗೇ ಎತ್ತಿಬಿಟ್ಟಳು. ಅವಳಿಗೆ ಈ ನಂಬರು ಗುರುತಿಲ್ಲ! ಅದು ಅವರಿಗೆ ಹೊಳೆದೇ ಇರಲಿಲ್ಲ.

“ಯಾರು ಮಾತಾಡೋದು?”

ದನಿ ಥೇಟ್ ಅಮ್ಮನದೇ ಆಗಿಬಿಟ್ಟಿತ್ತು. ಲಿಯಾಂಗ್ ತುಟಿ ಕಚ್ಚಿ ಹಿಡಿದರು. ಆ ಕಡೆ ಅವಳ ಉಸಿರೂ ಒಂದು ಕ್ಷಣ ನಿಂತಿತು.

“ರಾಂಗ್ ನಂಬರ್,” ಎಂದಳು. ಆದರೆ ಫೋನು ಇಡಲಿಲ್ಲ. ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟಿತು, ಸಟ್ಟುಗ ಆಡಿತು, ಅವಳು ಸಣ್ಣಗೆ ಕೆಮ್ಮಿದಳು. ಲಿಯಾಂಗ್ ಕೇಳುತ್ತಾ ನಿಂತರು. ಕೊನೆಗೆ ತಾವೇ ಕರೆ ಕತ್ತರಿಸಿ, ನಂಬರು ಅಳಿಸಿದರು.

“ಎತ್ತಿದ್ರಾ?” ಇಸ್ಮತ್ ಕೇಳಿದಳು.

“ಇಲ್ಲಮ್ಮ.”

ಬರೆಯದೆ ಬಿಟ್ಟ ಜಾಗದಲ್ಲೇ ಸುಳ್ಳು ಬೆಳೆಯುತ್ತದೆ ಎಂದು ಜೀವಮಾನವಿಡೀ ವಾದಿಸಿದವರು ಅವರು. ಮನೆಗೆ ಬಂದು ದಿನಚರಿ ತೆರೆದರು, ಪೆನ್ನನ್ನೂ ಹಿಡಿದರು. ತಂಗಿ ಇನ್ನೂ ಆ ಒಲೆಯ ಮುಂದೆಯೇ ಇದ್ದಾಳು. ಇದನ್ನು ಯಾರಿಗೂ ಹೇಳುವುದಿಲ್ಲ, ಕಾಗದಕ್ಕೂ ಇಲ್ಲ ಎಂದು ನಿಶ್ಚಯಿಸಿ ಪುಸ್ತಕ ಮುಚ್ಚಿದರು.