ಏನೂ ದೂರಿಲ್ಲ, ಅಫಾಂಡೆ

೧

ಹೇಗೆ ಶುರು ಮಾಡುವುದು? ನಮ್ಮಜ್ಜಿಯಾಗಿದ್ದರೆ ದೀಪದ ಬತ್ತಿ ಸರಿಮಾಡಿ, ಕೈಮುಗಿದು, "ಒಂದೂರಲ್ಲಿ ಒಬ್ಬ ರಾಜ" ಎಂದುಬಿಡುತ್ತಿದ್ದಳು. ನನ್ನ ಕಥೆಯಲ್ಲಿ ರಾಜನಿಲ್ಲ. ನೈರೋಬಿಯ ಒಂದು ಸರ್ಕಾರಿ ಇಲಾಖೆಯಿದೆ, ಮಾಜಿ ಸೈನಿಕರ ಯೋಗಕ್ಷೇಮ ನೋಡಿಕೊಳ್ಳುವಂಥದ್ದು. (ಯಾವ ಇಲಾಖೆ ಎಂದು ಹುಡುಕಲು ಹೋಗಬೇಡಿ. ನಾನೇ ಕಟ್ಟಿದ್ದು, ಒಂದೊಂದು ಇಟ್ಟಿಗೆಯೂ ಸುಳ್ಳು.) ಆ ಇಲಾಖೆಯ ಕೆಲಸವನ್ನು ಅಳೆಯುವ ಕಥೆ ಇದು. ಅಳತೆ ಅಂದ ಕೂಡಲೇ ನೀವು ಪುಟ ಮಗುಚುತ್ತೀರಿ ಎಂಬ ಗುಮಾನಿ ನನಗಿದೆ. ನಾನೇನೋ ಮುಚ್ಚಿಡುತ್ತಿದ್ದೇನೆ ಎಂಬ ಗುಮಾನಿ ನಿಮಗಿದ್ದರೆ ಒಳ್ಳೆಯದೇ. ಸರಿಸಮ ಆಯಿತು.

ಮೊದಲ ಕರಡು ಹೀಗಿತ್ತು: "೨೦೧೬ರ ಮೇ ತಿಂಗಳ ಒಂದು ಬೆಳಿಗ್ಗೆ, ಪರದೆಯ ಮೇಲಿನ ಹಸಿರು ಬಣ್ಣ ನೋಡಿ ಶ್ರೀರಂಜನಿಗೆ ಸಂತೋಷವಾಯಿತು."

ಹರಿದು ಹಾಕಿದೆ. ಅವಳಿಗೆ ಸಂತೋಷವಾಗಲಿಲ್ಲ.

೨

ಶ್ರೀರಂಜನಿಯನ್ನು ಬೆಂಗಳೂರಿನ ಒಂದು ಕಂಪನಿ ನೈರೋಬಿಗೆ ಕಳಿಸಿದೆ. ಮನೆ ಲೊರೆಶೋದಲ್ಲಿ. ಇಲಾಖೆಯ ಪ್ರತಿಯೊಂದು ಸೇವೆಗೂ ಅಂಕ ಕೊಟ್ಟು, ಕೆಂಪು, ಹಳದಿ, ಹಸಿರು ಬಣ್ಣಗಳ ಡ್ಯಾಶ್‌ಬೋರ್ಡ್ ಮಾಡುವುದು ಅವಳ ಕೆಲಸ. ಪಿಂಚಣಿ ಕೆಂಪು. ಆಸ್ಪತ್ರೆ ಹಳದಿ. ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆ ಕೊಟ್ಟ ಕೃತಕ ಕಾಲುಗಳ ಸಾಲು ಮಾತ್ರ ಹಚ್ಚಹಸಿರು. ತಿಂಗಳು ತಿಂಗಳು ಫೋನ್ ಮಾಡಿ ವಿಚಾರಿಸುತ್ತಾರೆ. ಒಂದೇ ಒಂದು ದೂರಿಲ್ಲ.

ಆ ಕಾಲುಗಳನ್ನು ರಿಪೇರಿ ಮಾಡುವ ಪುಟ್ಟ ವರ್ಕ್‌ಶಾಪ್ ಒಂದು ನ್ಗಾರಾದಲ್ಲಿದೆ. ಜೂನ್ ಕೊನೆಗೆ ಅದನ್ನು ಮುಚ್ಚಬೇಕೆಂದು ಡೈರೆಕ್ಟರ್ ಮೇಡಂ ನಿರ್ಧರಿಸಿದ್ದಾರೆ. "ಯಾರಿಗೂ ತೊಂದರೆಯಿಲ್ಲ ಅಂದ ಮೇಲೆ ರಿಪೇರಿ ಯಾರಿಗೆ?" ಎಂದು ಕೇಳಿದ್ದಾರೆ. ಶ್ರೀರಂಜನಿ ವರದಿಗೆ ಸಹಿ ಹಾಕಿದರೆ ಮುಗಿಯಿತು.

ಮೇಡಂ ತರ್ಕದಲ್ಲಿ ಎಲ್ಲೂ ಬಿರುಕಿಲ್ಲ. ಶ್ರೀರಂಜನಿಗೆ ಗುಮಾನಿ ಬಂದದ್ದೇ ಅಲ್ಲಿ. ಭಾನುವಾರದ ಭಜನೆ ಮುಗಿಸಿ, ಪ್ರಸಾದದ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು. (ಪಾತ್ರಗಳು ಹೀಗೆ ಬಂದು ಕೂರಬಾರದು. ಆದರೆ ಪ್ರಸಾದ ಹಿಡಿದು ಬಂದವರನ್ನು ಎಬ್ಬಿಸುವುದು ಹೇಗೆ?)

"ಮೇಷ್ಟ್ರೇ, ಒಂದೇ ಒಂದು ಕಂಪ್ಲೇಂಟ್ ಇಲ್ಲ ಅಂದ್ರೆ ನೀವು ನಂಬ್ತೀರಾ? ನನ್ನ ಸ್ವಂತ ಕಾಲಿನ ಮೇಲೇ ನಂಗೆ ನೂರೆಂಟಿದೆ."

"ಯಾರ ಮೇಲೆ ಅನುಮಾನ?"

"ಕಥೆ ಬರಿಯೋರು ನೀವು. ಕಳ್ಳನ್ನ ಇಡೋದು ನಿಮ್ಮ ಡಿಪಾರ್ಟ್‌ಮೆಂಟು."

೩

ಇಟ್ಟೆ. ಹೆಸರು ಫೆಲಿಕ್ಸ್. ನಿವೃತ್ತ ಸಾರ್ಜೆಂಟ್ ಮೇಜರ್, ಇಲಾಖೆಯ ಪರವಾಗಿ ಫೋನ್ ಮಾಡುವವನು ಅವನೇ. ನಾನು ಬರೆದದ್ದು: "ಫೆಲಿಕ್ಸ್ ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ಮೇಜಿನ ಮೇಲೆ ಕಾಲಿಟ್ಟು, ಚಹಾ ಹೀರುತ್ತಾ, ತನಗೆ ತೋಚಿದಂತೆ ಉತ್ತರ ತುಂಬುತ್ತಿದ್ದ."

ವಾಕ್ಯದ ಶಾಯಿ ಆರುವ ಮೊದಲೇ ಫೆಲಿಕ್ಸ್ ಎದುರಿಗೆ ನಿಂತಿದ್ದ.

"ಈ ಮಾತಿಗೆ ಸಾಕ್ಷಿ ಏನಿದೆ?"

"ಗುಮಾನಿ."

"ಗುಮಾನಿಯ ಮೇಲೆ ನಾವು ನಾಯಿಯನ್ನೂ ಕಟ್ಟಿಹಾಕುತ್ತಿರಲಿಲ್ಲ. ಮೇಜಿನ ಮೇಲೆ ಕಾಲಿಡುವ ವಂಶ ನಮ್ಮದಲ್ಲ. ಅಳಿಸು."

ಅಳಿಸಿದೆ. (ಚಹಾ ಉಳಿಸಿಕೊಂಡೆ. ಅದಕ್ಕೆ ಅವನ ತಕರಾರಿರಲಿಲ್ಲ.)

೩, ಇನ್ನೊಮ್ಮೆ

ಶ್ರೀರಂಜನಿ ಹೇಳದೆ ಕೇಳದೆ ಹೋಗಿ ಫೆಲಿಕ್ಸ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಳು. ಅವನು ನಿಜಕ್ಕೂ ಫೋನ್ ಮಾಡುತ್ತಿದ್ದ. ತಾನು ಬರುವ ಸುದ್ದಿ ಮೊದಲೇ ಸಿಕ್ಕಿರಬೇಕು ಎಂದುಕೊಂಡು ಅವಳು ಸ್ಪೀಕರ್ ಹಾಕಿಸಿದಳು. ಫೋನ್ ಹೋದದ್ದು ಕಾವಂಗ್ವಾರೆಯ ಓಕೆಲೊ ಎಂಬವನಿಗೆ. ಮಾಜಿ ಕಾರ್ಪೊರಲ್, ಎಡಗಾಲನ್ನು ಸೊಮಾಲಿಯಾ ಗಡಿಯಲ್ಲಿ ಬಿಟ್ಟುಬಂದವನು. (ಇವರ ಮಾತು ಇಂಗ್ಲಿಷು, ಸ್ವಾಹಿಲಿ. ಕನ್ನಡಕ್ಕೆ ತರುವಾಗ 'ಸರಿ' ಎನ್ನುವ 'ಸವಾ', ಮತ್ತೆ 'ಅಫಾಂಡೆ' ಮಾತ್ರ ಜಗ್ಗಲಿಲ್ಲ. ಮೇಲಿನವರನ್ನು ಸೈನಿಕರು ಕರೆಯುವುದು ಹಾಗೆ.)

"ಕಾರ್ಪೊರಲ್ ಓಕೆಲೊ."

ಆ ಕಡೆ ಕುರ್ಚಿ ಸರಿದ ಸದ್ದು. ಏನೋ ಗೋಡೆಗೆ ತಾಗಿತು. ಉಸಿರು.

"ಅಫಾಂಡೆ."

"ಕಾಲು ಹೇಗಿದೆ? ದೂರು ಏನಾದರೂ?"

"ಏನೂ ದೂರಿಲ್ಲ, ಅಫಾಂಡೆ."

"ಸವಾ."

ಫೋನ್ ಇಟ್ಟ ಮೇಲೆ ಶ್ರೀರಂಜನಿ ಕೇಳಿದಳು, "ಮಧ್ಯೆ ಅದೇನು ಸದ್ದು?"

"ಎದ್ದು ನಿಂತ."

"ಯಾಕೆ?"

ಫೆಲಿಕ್ಸ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಾನು ಕರೆದೆನಲ್ಲ."

ಆಮೇಲೆ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. ಸೈನ್ಯದಲ್ಲಿ ಊಟದ ಹೊತ್ತಿಗೆ ಅಧಿಕಾರಿ ಸಾಲುದ್ದಕ್ಕೂ ನಡೆದುಬಂದು 'ದೂರು ಏನಾದರೂ?' ಎಂದು ಕೇಳುವ ಪದ್ಧತಿ. ಬೀನ್ಸ್‌ನಲ್ಲಿ ಕಲ್ಲಿದ್ದರೂ ಉತ್ತರ ಒಂದೇ.

"ಯಾರೂ ಹೇಳಿದ್ದೇ ಇಲ್ಲವಾ?"

"ಒಬ್ಬ ಹೇಳಿದ್ದ. ಪಾಪ, ಅವನ ಮದುವೆಗೇ ಅವನಿಗೆ ರಜೆ ಸಿಗಲಿಲ್ಲ."

ಕಳ್ಳನಿಲ್ಲ. ಕೇಳುವವನು ಪ್ರಾಮಾಣಿಕ, ಹೇಳುವವನು ವಿಧೇಯ, ಲೆಕ್ಕ ಸರಿ. ಸುಳ್ಳು ಮಾತ್ರ ಪರದೆಯ ಮೇಲೆ ಹಸಿರಾಗಿ ಕೂತಿದೆ.

[ಇಲ್ಲಿ ಸ್ವಲ್ಪ ನಿಲ್ಲಿ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ತಡವಾದರೆ ಅವಳಿಗೆ ಚಿಂತೆಯಿಲ್ಲ. ಕೂಸು ಯೋಚಿಸುತ್ತಿದೆ ಎನ್ನುತ್ತಿದ್ದಳು. ಹೂಂ, ಹೂಂ ಎಂದು ತಾಳ ಹಾಕಿದ ಹಾಗೆ ಬಂದರೆ ಮಾತ್ರ ಕಥೆ ನಿಲ್ಲಿಸಿ ಹಣೆ ಮುಟ್ಟಿ ನೋಡುತ್ತಿದ್ದಳು. ನಾನೂ ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು, "ನಿನ್ನ ದಯೆ, ಯಾವ ಕೊರತೆಯೂ ಇಲ್ಲ" ಎನ್ನುತ್ತೇನೆ. ಅವನ ಡ್ಯಾಶ್‌ಬೋರ್ಡಿನಲ್ಲಿ ನಾನು ಹಸಿರಾಗಿಯೇ ಇರಬೇಕು. ನನ್ನ ಹಣೆ ಮುಟ್ಟಿ ನೋಡಬೇಕೆಂದು ಅವನಿಗೆ ಎಂದಾದರೂ ಅನ್ನಿಸಿದೆಯೋ, ತಿಳಿಯದು.]

೪

ಶ್ರೀರಂಜನಿ ತಾನೇ ಫೋನ್ ಮಾಡಿದಳು. ಮೊದಲನೆಯವನು, "ಇನ್ಶೂರೆನ್ಸಾ?" ಎಂದು ಇಟ್ಟುಬಿಟ್ಟ. ಎರಡನೆಯವನು, "ನನ್ನ ನಂಬರ್ ಕೊಟ್ಟವನ ಹೆಸರು ಮೊದಲು ಹೇಳು" ಎಂದ. ಓಕೆಲೊನ ಮನೆಯಲ್ಲಿ ಅವನ ಹೆಂಡತಿ ಎತ್ತಿಕೊಂಡಳು.

"ಯಾರು ಬೇಕು?"

"ಮಿಸ್ಟರ್ ಓಕೆಲೊ. ಅವರ ಕಾಲಿನ ವಿಷಯ ಮಾತಾಡಬೇಕಿತ್ತು."

"ನನ್ನ ಗಂಡನ ಕಾಲಿನ ಮೇಲೆ ನಿನಗೇನಮ್ಮ ಆಸೆ?"

ಕಟ್.

ನಂಬುವ ದನಿಗೆ ನಿಜ ಹೇಳುವುದಿಲ್ಲ. ಬೇರೆ ದನಿಯನ್ನು ನಂಬುವುದಿಲ್ಲ. ಕಥೆ ಇಲ್ಲಿ ಕೆಸರಿಗೆ ಸಿಕ್ಕಿತು. ನಾನು ಫೆಲಿಕ್ಸ್‌ಗೆ ಹೊಸ ಸಂಭಾಷಣೆ ಬರೆದುಕೊಟ್ಟೆ: "ಅಣ್ಣಾ ಓಕೆಲೊ, ನಿನಗೆಲ್ಲಿ ನೋಯುತ್ತಿದೆ?" ಅವನು ಓದಿ, ಮಡಿಸಿ, ಹಿಂದಿರುಗಿಸಿದ.

"ಇದನ್ನು ನಾನು ಹೇಳಿದರೆ ನನಗೇ ಹುಚ್ಚು ಹಿಡಿದಿದೆ ಅಂತ ಅವರು ಇಲಾಖೆಗೆ ಫೋನ್ ಮಾಡುತ್ತಾರೆ."

ಕೆಸರಿನಿಂದ ಎತ್ತಿದವಳು ಶ್ರೀರಂಜನಿ. "ಸಾರ್ಜೆಂಟ್, ಗಡಿಯಲ್ಲಿ ಯಾರಿಗಾದರೂ ಪೆಟ್ಟು ಬಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಅವರೇ ಹೇಳುತ್ತಿದ್ದರಾ?"

"ಪೆಟ್ಟು ಬಿದ್ದವನು ಹೇಳುತ್ತಾನಾ? ಪಕ್ಕದವನು ಹೇಳುತ್ತಿದ್ದ."

ಚಹಾ ತಣ್ಣಗಾಯಿತು. ಫೆಲಿಕ್ಸ್ ಮತ್ತೆ ಓಕೆಲೊನಿಗೆ ಫೋನ್ ಮಾಡಿದ. ಅದೇ ಕುರ್ಚಿಯ ಸದ್ದು.

"ಕಾರ್ಪೊರಲ್, ಕಿಮಾನಿ ಹೇಗಿದ್ದಾನೆ?" ಕಿಮಾನಿ ಓಕೆಲೊನ ಹಳೆಯ ಜೊತೆಗಾರ, ಅವನದೂ ಕೃತಕ ಕಾಲು.

"ಕೆಟ್ಟದಾಗಿದ್ದಾನೆ, ಅಫಾಂಡೆ." ತಡವರಿಕೆಯಿಲ್ಲ, ವರದಿ ಒಪ್ಪಿಸುವ ದನಿ. "ಕಾಲಿನ ಪಟ್ಟಿ ಕಿತ್ತಿದೆ, ತಂತಿ ಬಿಗಿದುಕೊಂಡಿದ್ದಾನೆ. ಅದು ಕೊಯ್ಯುತ್ತೆ. ಚರ್ಚಿಗೆ ಬರೋದನ್ನೂ ಬಿಟ್ಟ. ನಾನು ಹೇಳಿದೆ ಅಂತ ಹೇಳಬೇಡಿ."

ಫೆಲಿಕ್ಸ್ ಕಿಮಾನಿಗೆ ಫೋನ್ ಮಾಡಿ ಓಕೆಲೊನ ಬಗ್ಗೆ ಕೇಳಿದ.

"ಅವನಾ? ಮೋಟುಗಾಲಿಗೆ ಹುಣ್ಣಾಗಿದೆ. ಕಾಲು ಸರಿಯಾಗಿ ಕೂರಲ್ಲ, ಸಾಕ್ಸ್ ಮೇಲೆ ಸಾಕ್ಸ್ ಹಾಕ್ತಾನೆ. ನಿಮ್ಮ ಫೋನ್ ಬಂದಾಗ ಗೋಡೆ ಹಿಡಿದು ಏಳ್ತಾನಲ್ಲ, ಆಗ ಅವನ ಮುಖ ನೋಡೋಕಾಗಲ್ಲ, ಅಫಾಂಡೆ."

ಫೆಲಿಕ್ಸ್ 'ಸವಾ' ಎನ್ನಲಿಲ್ಲ. ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದ. ಇಲ್ಲಿ ಅವನ ಮನಸ್ಸಿನೊಳಕ್ಕೆ ಹೋಗಿ ನೋಡಿ ಬರೆಯೋಣವೆಂದು ಬಾಗಿಲ ತನಕ ಹೋದೆ. ಅವನು ತಲೆ ಅಲ್ಲಾಡಿಸಿದ. ವಾಪಸು ಬಂದೆ.

೫

ವಾರದೊಳಗೆ ಹಸಿರು ಸಾಲು ಕೆಂಪಾಯಿತು. ಈಗ ಗುಮಾನಿಯ ಸರದಿ ಡೈರೆಕ್ಟರ್ ಮೇಡಂದು.

"ಒಂದೇ ವಾರದಲ್ಲಿ ಇಷ್ಟು ಜನರ ಕಾಲು ಹೇಗಮ್ಮ ಕೆಟ್ಟಿತು? ಕೆಟ್ಟಿರೋದು ನಿಮ್ಮ ಸಿಸ್ಟಂ."

"ಪ್ರಶ್ನೆ ಬದಲಾಯಿಸಿದೆವು, ಮೇಡಂ."

"ಅವನ ಕಾಲಿನ ಬಗ್ಗೆ ಇವನನ್ನು ಕೇಳಿದರೆ ಅದು ಡೇಟಾ ಅಲ್ಲ, ಚಾಡಿ. ಮೊದಲಿನ ವರದಿಗೇ ಸಹಿ ಹಾಕಿ."

(ಮೇಡಂ ಕೆಟ್ಟವರಲ್ಲ. ಅವರನ್ನು ಕೆಟ್ಟವರನ್ನಾಗಿ ಮಾಡಿದ್ದರೆ ನನಗೆ ಸುಲಭವಿತ್ತು. ಮೇಲಿನವರು ಅವರನ್ನೂ ಸಾಲಿನಲ್ಲಿ ನಿಲ್ಲಿಸಿ ಕೇಳುವವರೇ.)

ಮುಕ್ತಾಯ ಒಂದು: ಎರಡನೇ ವರದಿ ಓದಿ ಆಡಳಿತ ಮಂಡಳಿಯ ಕಣ್ಣು ತುಂಬಿ ಬರುತ್ತದೆ. ವರ್ಕ್‌ಶಾಪಿಗೆ ಹೊಸ ಬಣ್ಣ.

"ಮೇಷ್ಟ್ರೇ, ಯಾವ ಬೋರ್ಡ್ ಅಳತ್ತೆ? ನಾನು ಇದುವರೆಗೂ ನೋಡಿಲ್ಲ," ಎಂದಳು ಶ್ರೀರಂಜನಿ. ಹೊಡೆದು ಹಾಕಿದೆ.

ಮುಕ್ತಾಯ ಎರಡು: ಶ್ರೀರಂಜನಿ ಮೊದಲಿನ ವರದಿಗೆ ಸಹಿ ಹಾಕುತ್ತಾಳೆ.

"ನಾನ್ ಹಾಕಲ್ಲ. ಬೇಕಿದ್ರೆ ನೀವ್ ಹಾಕಿ, ಕಥೆ ನಿಮ್ದಲ್ವಾ. ಆಮೇಲೆ ಭಾನುವಾರ ಭಜನೆಗೆ ಯಾವ ಮುಖ ಇಟ್ಕೊಂಡ್ ಬರ್ತೀರೋ ನೋಡ್ತೀನಿ."

ಹಾಕಲಿಲ್ಲ.

ಮುಕ್ತಾಯ ಮೂರು: ಸಹಿ ಇಲ್ಲದೆಯೇ ಮುಚ್ಚುತ್ತಾರೆ. ಇದು ಹೆಚ್ಚು ನಂಬುವಂತಿದೆ. ಇದನ್ನೇ ಬರೆಯಲು ಕೂತೆ. ಜೂನ್ ಕೊನೆಯ ಮಧ್ಯಾಹ್ನ, ಬೀಗ ಹಿಡಿದ ಒಬ್ಬ ನೌಕರನನ್ನು ಇಲಾಖೆಯಿಂದ ನ್ಗಾರಾಕ್ಕೆ ಕಳಿಸಿದೆ. ಒಳ್ಳೆಯ ಮನುಷ್ಯ, ಬೀಗಕ್ಕೆ ಎಣ್ಣೆಯನ್ನೂ ಬಿಟ್ಟು ತಂದಿದ್ದಾನೆ. ವರ್ಕ್‌ಶಾಪಿನ ಬಾಗಿಲಿಗೆ ಬಂದ. 'ಬಾಗಿಲೆಳೆದು ಬೀಗ ಹಾಕಿದನು' ಎಂದು ಬರೆಯಬೇಕು. ಒಳಗೆ ಕಣ್ಣು ಹಾಯಿಸಿದೆ.

ಬೆಂಚಿನ ಮೇಲೆ ಓಕೆಲೊ ಕೂತಿದ್ದಾನೆ. ಅವನನ್ನು ನಾನು ಬರೆದು ಕರೆತಂದಿಲ್ಲ; ಕಿಮಾನಿ ಮಟಾಟು ವ್ಯಾನಿಗೆ ಹತ್ತಿಸಿ, ಬೈದು, ಎಳೆದುಕೊಂಡು ಬಂದಿದ್ದಾನೆ. ಓಕೆಲೊ ಕಾಲು ಬಿಚ್ಚಿ ಕೊಟ್ಟಾಗಿದೆ. ಅದು ಮೇಜಿನ ಇಕ್ಕಳದಲ್ಲಿ ಸಿಕ್ಕಿಕೊಂಡಿದೆ, ಮೋಟುಗಾಲು ಕೂರುವ ಬಟ್ಟಲಿನ ಒಳಗೋಡೆಯನ್ನು ರಿಪೇರಿಯವನು ಉಜ್ಜುತ್ತಿದ್ದಾನೆ. ಪ್ಯಾಂಟಿನ ಖಾಲಿ ತುದಿಯನ್ನು ಓಕೆಲೊ ಅಚ್ಚುಕಟ್ಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಾನೆ.

"ಸರಿಯಾಗಿ ಉಜ್ಜೋಕೆ ಹೇಳೋ," ಎನ್ನುತ್ತಿದ್ದಾನೆ ಕಿಮಾನಿ.

"ನಿಂದು ಮೊದಲು ಕೊಡಬೇಕಿತ್ತು. ತಂತಿ ಕಟ್ಟಿಕೊಂಡಿರೋನು ನೀನು."

"ಬಾಯಿ ಮುಚ್ಚು. ನಿಂದಾದ ಮೇಲೆ ನಂದು."

ಬೀಗದವನು ಬಾಗಿಲಲ್ಲೇ ನಿಂತ. ಒಂದು ಕಾಲಿನ ಮನುಷ್ಯನನ್ನು ಹೊರಕ್ಕೆ ಕಳಿಸುವ ಹಾಗಿಲ್ಲ, ಒಳಗಿಟ್ಟು ಬೀಗ ಹಾಕುವ ಹಾಗೂ ಇಲ್ಲ. ಬೀಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಇನ್ನೂ ಎಷ್ಟು ಹೊತ್ತಾಗತ್ತೆ?" ಎಂದು ಕೇಳಿದ. ರಿಪೇರಿಯವನು ತಲೆಯೆತ್ತಲಿಲ್ಲ. ಓಕೆಲೊ ಬೆಂಚಿನ ಮೇಲೆ ಸರಿದು, ಬೀಗದವನಿಗೂ ಕೂರಲು ಜಾಗ ಮಾಡಿಕೊಟ್ಟ. ಅವನು ಕೂರಲಿಲ್ಲ. ನನ್ನ ಕಡೆ ನೋಡುತ್ತಿದ್ದಾನೆ.

ನಾನು ಉತ್ತರ ಕೊಟ್ಟಿಲ್ಲ. ಕಾಲು ಇನ್ನೂ ಇಕ್ಕಳದಲ್ಲಿದೆ.