ಹಸಿರು ಸೀರೆಯ ಅರ್ಧ ತುಂಡು

ಅಖ್ತರನ ಟಂಟಂ ಆಟೊ ಸಾಲಗುಂದದ ಹಿಂದಿನ ದಾರಿಗೆ ತಿರುಗುತ್ತಲೇ ಅಶ್ವಿನಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

"ಉಸಿರಾಡಾಕರ ಜಾಗ ಬಿಡ್ರಿ ಅಕ್ಕಾರ," ಎಂದ ಅಖ್ತರ್. "ಈ ಕಡಿಂದ ಹೋದ್ರ ಯಾರೂ ನೋಡಂಗಿಲ್ಲ."

"ಅಂವ ಬಂದ್ರ?"

"ನಿಮ್ಮ ಯಜಮಾನ್ರು? ಈ ಕೇರಿಗೆ? ಅವರ ಮನಿ ದನಾನೂ ಈ ಕಡೆ ಮೇಯಾಕ ಬರಂಗಿಲ್ಲ, ಬಿಡ್ರಿ."

ಆ ಮಾತನ್ನು ನಂಬಿಯೇ ಅವಳು ಬಂದದ್ದು. ಜವಳಗೇರಾದ ಪಂಪಾಪತಿ ಹೆಂಡತಿಯನ್ನು ಹುಡುಕಲು ಎಲ್ಲಿಗೆ ಬೇಕಾದರೂ ಹೋಗುವವನು, ಆದರೆ ಈ ಕೇರಿಗೆ ಕಾಲಿಡುವವನಲ್ಲ. ಏಳು ವರ್ಷದ ಅಮೂಲ್ಯಾಳನ್ನು ಮಸ್ಕಿಯ ಶಾಲೆಯಲ್ಲಿ ಬಿಟ್ಟು ಬಂದಿದ್ದಳು. ಮಣ್ಣು ಕೊಟ್ಟು, ಶಾಲೆ ಬಿಡುವುದರೊಳಗೆ ತಿರುಗಿ ಹೋಗುವುದು. ತಾಯಿ ಮಗಳು ಮಸ್ಕಿಯಲ್ಲಿ ಅಡಗಿರುವುದು ಹದಿನಾಲ್ಕು ತಿಂಗಳಿಂದ ಗೊತ್ತಿದ್ದವರು ಮೂರೇ ಜನ: ಈ ಅಖ್ತರ್, ಸಿಂಧನೂರಿನ ಕುಟುಂಬ ಆಸರೆ ಕೇಂದ್ರದ ಪದ್ಮಾವತಿ ಮೇಡಂ, ಮತ್ತು ಇವತ್ತು ಮಣ್ಣಿಗೆ ಹೊರಟಿದ್ದ ಗದ್ದೆಮ್ಮ.

ಗದ್ದೆಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳ ತುಂಬ ಚೆಂಡುಹೂವು. ಅಷ್ಟು ಸುಮ್ಮನೆ ಅವಳು ಕೂತದ್ದನ್ನು ಅಶ್ವಿನಿ ನೋಡಿಯೇ ಇರಲಿಲ್ಲ.

"ನಮ್ಮಕ್ಕ ಅಡಗಿ ಕೆಲಸಕ್ಕಂತ ಹೋದಾಕಿ," ತಮ್ಮ ಅಂಬಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. "ಹತ್ತೊಂಬತ್ತು ವರ್ಷ ಮಂದಿ ಮನಿ ಬೆಂಕಿ ಆರ್ಸಿದ್ಲು. ನಿನ್ನೆ ಮುಂಜಾನೆ ಪಾತ್ರಿ ತಿಕ್ಕ್ಯಾಳ, ಎದಿ ಹಿಡ್ಕೊಂಡು ಕುಂತಾಳ. ಮುಗೀತು."

"ಬರೀ ಅಡಗಿ ಅಲ್ರಿ," ಎಂದರು ಪದ್ಮಾವತಿ ಮೇಡಂ. ಕಣ್ಣು ಬಾತಿದ್ದವು. "ನಾ ಫೈಲ್ ಬರೀತಿದ್ದೆ. ಕೆಲಸ ಅಕಿ ಮಾಡ್ತಿದ್ಲು."

ಅಡುಗೆ ಮಾಡಿದವಳಿಗಿಂತ ಬಡಿಸಿದವಳು ಮೇಲು ಎನ್ನುತ್ತಾರೆ. ಆ ಕೇಂದ್ರದಲ್ಲಿ ಎರಡೂ ಗದ್ದೆಮ್ಮನೇ, ಹಾಗಾಗಿ ಹೊಗಳಿಕೆಯ ಜೊತೆ ಬೈಗುಳವೂ ಅವಳ ಪಾಲಿಗೇ ಬರುತ್ತಿತ್ತು. ಮಗ ಸುನೀಲ ಚಟ್ಟಕ್ಕೆ ಹೆಗಲು ಕೊಟ್ಟ. ಅವನ ಎಡಗಾಲು ಕುಂಟುತ್ತಿತ್ತು. ಚಟ್ಟವೂ ಅವನ ಹೆಜ್ಜೆಗೆ ತಕ್ಕಂತೆ ಒಂದು ಕಡೆ ತಗ್ಗುತ್ತ ಸಾಗಿತು.

*

ಕೇಂದ್ರಕ್ಕೆ ಬಂದ ಮೊದಲ ದಿನ ಅಶ್ವಿನಿಯ ಬಳಿ ಇದ್ದದ್ದು ಉಟ್ಟ ಹಸಿರು ಸೀರೆ, ಕಂಕುಳಲ್ಲಿ ಮಗಳು. ಹಿಂದಿನ ದಿನ ಪಂಪಾಪತಿ ಕಾಲುವೆಯ ಸೇತುವೆ ಮೇಲೆ ನಿಂತು ಅಮೂಲ್ಯಾಳನ್ನು ನೀರಿನ ಮೇಲೆ ಹಿಡಿದು ತೂಗಿದ್ದ. "ತವರಿಗೆ ಹೋಗ್ತೀಯೇನು? ಹೋಗು. ಇದನ್ನ ಇಲ್ಲೇ ಬಿಡ್ತೀನಿ," ಅಂದಿದ್ದ.

ಗದ್ದೆಮ್ಮ ಮೊದಲು ಅನ್ನ ಹಾಕಿದಳು. ಆಮೇಲೆ ಕೌದಿ ಹೊಲಿಯುವ ಕತ್ತರಿ ತಂದು, ಹಸಿರು ಸೀರೆಯ ಅಂಚಿನಿಂದ ಅಂಗೈಯಗಲ ಕತ್ತರಿಸಿ, ಅದನ್ನು ನಡುವೆ ಅಂಕುಡೊಂಕಾಗಿ ಸೀಳಿದಳು. ಒಂದು ತುಂಡು ತಾಯಿಗೆ, ಒಂದು ಮಗಳಿಗೆ.

"ಬಂತು ಗದ್ದೆಮ್ಮನ ಆಧಾರ್ ಕಾರ್ಡ್," ಎಂದು ಪದ್ಮಾವತಿ ಮೇಡಂ ನಕ್ಕರು.

"ನಗ್ರಿ ನಗ್ರಿ," ಎಂದು ಗದ್ದೆಮ್ಮ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಕೂಸೇ, ಯಾರರ ಬಾ ಅಂದ್ರ ಏನ್ ಕೇಳ್ತಿ? ತುಂಡು ಎಲ್ಲಿ ಅಂತ ಕೇಳು. ಜೋಡಿಸಿ ನೋಡು. ಕೂಡಿದ್ರ ಹೋಗು, ಇಲ್ಲಂದ್ರ ಓಡಿಹೋಗಿ ಚಿಲಕ ಹಾಕ್ಕೊ. ಅಪ್ಪ ಬಂದ್ರೂ ಅಷ್ಟ, ಅವ್ವ ಬಂದ್ರೂ ಅಷ್ಟ."

ಅಶ್ವಿನಿಗೆ ಸಿಟ್ಟು ಬಂತು. "ನಾ ಹಡೆದಾಕಿ ರೀ. ನನಗ್ಯಾಕ ತುಂಡು?"

"ಕುತ್ತಿಗಿಗೆ ಕುಡಗೋಲು ಇಟ್ರ ಹಡೆದಾಕಿನೂ ಕರೀತಾಳ ತಂಗಿ." ಗದ್ದೆಮ್ಮ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು. "ನಾ ಕರ್ದೀನಿ. 'ಬಾ ಸುನೀಲ, ಯಾರಿಲ್ಲ, ನಾ ಒಬ್ಬಾಕೆ ಇದೀನಿ' ಅಂದೆ. ಹಿಂದ ಅವರಪ್ಪ ನಿಂತಿದ್ದ. ಐದು ವರ್ಷದ್ದು, ನನ್ನ ದನಿ ಕೇಳಿ ಹೊರಗ ಬಂತು. ಈಗ್ಲೂ ಎಡಗಾಲು ಕುಂಟತಾನ."

ಅವತ್ತಿನಿಂದ ಅಶ್ವಿನಿ ಆ ತುಂಡನ್ನು ರವಿಕೆಯೊಳಗೇ ಇಟ್ಟುಕೊಂಡಳು.

*

ಕುಣಿಯಲ್ಲಿ ಇಳಿಸಿದ ಮೇಲೆ ಬಂದವರು ಒಬ್ಬೊಬ್ಬರಾಗಿ ಹೂವು, ಊದಿನಕಡ್ಡಿ ಹಾಕಿದರು. ಅಶ್ವಿನಿ ಕೈಯಲ್ಲಿ ಏನನ್ನೂ ತಂದಿರಲಿಲ್ಲ. ಹೆತ್ತವರು ಕದ ಹಾಕಿದ ದಿನ ಕದ ತೆರೆದವಳು ಇವಳು. ರವಿಕೆಯೊಳಗಿನಿಂದ ಹಸಿರು ತುಂಡು ತೆಗೆದು, ಬಗ್ಗಿ, ಗದ್ದೆಮ್ಮನ ಬೆರಳುಗಳ ನಡುವೆ ಸಿಕ್ಕಿಸಿದಳು. ಆಮೇಲೆ ಮೂರು ಹಿಡಿ ಮಣ್ಣು ಹಾಕಿದಳು. ನಿನ್ನೆಯ ಮಳೆಗೆ ನೆಂದ ಕರಿಮಣ್ಣು ಬೆರಳಿಗೆಲ್ಲ ಅಂಟಿಕೊಂಡಿತು.

ಮಸಣದ ಬದುವಿನಿಂದ ಆಚೆ ಸಿಂಧನೂರಿನ ದೊಡ್ಡ ರಸ್ತೆ ಕಾಣುತ್ತಿತ್ತು. ಬಸ್ ನಿಲ್ಲುವಲ್ಲಿ ಎರಡು ಕಂಬಗಳ ನಡುವೆ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸು. ಅದರಲ್ಲಿ ಬಾಗಿಲಷ್ಟು ದೊಡ್ಡ ಗದ್ದೆಮ್ಮ, ಹಲ್ಲು ಬಿಟ್ಟು ನಗುತ್ತಿದ್ದಾಳೆ.

ಆ ಫೋಟೋ ಅಶ್ವಿನಿಯೇ ತೆಗೆದದ್ದು. ಆಗಸ್ಟ್ ಹದಿನೈದಕ್ಕೆ ಅಮೂಲ್ಯಾಳ ಕುಣಿತ ನೋಡಲು ಬಂದಿದ್ದ ಗದ್ದೆಮ್ಮ, ಎಂದೂ ಫೋಟೋಕ್ಕೆ ನಿಲ್ಲದವಳು, ಮಗುವಿನ ಹಟಕ್ಕೆ ಸೋತು ನಿಂತಿದ್ದಳು. ಫ್ಲೆಕ್ಸಿನವನು ಮಗುವನ್ನು ಕತ್ತರಿಸಿದ್ದ. ಹೆಗಲ ಮೇಲಿನ ಪುಟ್ಟ ಕೈ ಉಳಿದಿತ್ತು. ಹಿಂದೆ ಶಾಲೆಯ ಬೋರ್ಡು ಉಳಿದಿತ್ತು, ಮಸ್ಕಿ ಎಂಬ ಹೆಸರಿನ ಸಮೇತ.

"ಅವ್ವ ನಕ್ಕಿದ್ದು ಅದೊಂದ ಫೋಟೋದಾಗ ರೀ," ಎಂದ ಪಕ್ಕದಲ್ಲಿ ನಿಂತ ಸುನೀಲ. "ಅದಕ್ಕ ಅಕಿ ಮೊಬೈಲ್ನಿಂದ ಅದನ್ನ ತೆಗೆದು ಕೊಟ್ಟೆ. ಚಲೋ ಬಂದೈತಿ ಅಲ್ರಿ?"

ಅಶ್ವಿನಿ ರಸ್ತೆಯನ್ನೇ ನೋಡುತ್ತಿದ್ದಳು. ಫ್ಲೆಕ್ಸಿನ ಎದುರು ಬೈಕ್ ನಿಲ್ಲಿಸಿ ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಫೋಟೋ ತೆಗೆದು, ಎರಡು ಬೆರಳಿಂದ ಹಿಗ್ಗಿಸಿ ಓದುತ್ತಿದ್ದ. ಕೇಂದ್ರದ ಗೇಟಿನ ಮುಂದೆ ಎಷ್ಟೋ ಸಲ ಬಂದು ಕೂಗಾಡಿ, ಗದ್ದೆಮ್ಮನ ಮುಖವನ್ನು ಚೆನ್ನಾಗಿ ಕಂಡವನೇ. ಪಂಪಾಪತಿ ಕೇರಿಗೆ ಬರಬೇಕಾದ ಅಗತ್ಯವೇ ಇರಲಿಲ್ಲ. ರಸ್ತೆಯಲ್ಲೇ ಎಲ್ಲ ಸಿಕ್ಕಿತ್ತು.

ಬೈಕು ಮಸ್ಕಿಯ ಕಡೆ ತಿರುಗಿತು.

"ಮೇಡಂ!" ಅಶ್ವಿನಿಯ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅಂವ ಹೊಂಟ. ಅಮ್ಮೂ ಅಲ್ಲೈತಿ."

ಅಖ್ತರ್ ಎಷ್ಟು ಒತ್ತಿದರೂ ಟಂಟಂ ಟಂಟಂನಂತೆಯೇ ಓಡಿತು. ಪದ್ಮಾವತಿ ಮೇಡಂ ಪೊಲೀಸರಿಗೆ ಹೇಳಿ, ಶಾಲೆಗೆ ಫೋನು ಹಚ್ಚಿದರು. ಹೆಡ್‌ಮಾಸ್ತರು ರಜೆ. ಮೂರನೇ ಸಲಕ್ಕೆ ಹೊಸ ಅತಿಥಿ ಶಿಕ್ಷಕಿ ಎತ್ತಿದಳು.

"ಅವರಪ್ಪ ಬಂದಾರ್ರಿ. ಆಧಾರ್ ತೋರ್ಸಾಕತ್ತಾರ. ಹೆಸರೂ ಕೂಡ್ತೈತಿ. ನಾ ಹ್ಯಾಂಗ ಇಲ್ಲ ಅನ್ಲಿ?"

"ಕೊಡಬ್ಯಾಡವ್ವ! ಕೂಸಿನ ಕೇಸು ಕೋರ್ಟಿನ್ಯಾಗ ಐತಿ, ಕೊಡಬ್ಯಾಡ..." ಮೇಡಂ ಕೂಗಿದರು.

ಫೋನು ಕಟ್ಟಾಯಿತು. ಹೆದರಿದವರ ಮೇಲೆ ಕಪ್ಪೆ ಎಸೆದರು ಅಂತಾರಲ್ಲ, ಹಾಗೆ ಆಮೇಲೆ ಲೈನೇ ಹತ್ತಲಿಲ್ಲ. ರಸ್ತೆಯುದ್ದಕ್ಕೂ ಭತ್ತದ ಗದ್ದೆಗಳು, ನಡುನಡುವೆ ಕಾಲುವೆ. ಪ್ರತಿ ಸೇತುವೆ ಬಂದಾಗ ಅಶ್ವಿನಿ ಕಣ್ಣು ಮುಚ್ಚಿದಳು. ಬೈಕು ನಿಂತಿದ್ದರೆ ಕಾಣುವುದೆಂದು ಮತ್ತೆ ತೆರೆದಳು.

*

ಶಾಲೆಯ ಅಂಗಳದಲ್ಲಿ ಬೈಕು ಇರಲಿಲ್ಲ. ಟಂಟಂ ನಿಲ್ಲುವ ಮೊದಲೇ ಅಶ್ವಿನಿ ಧುಮುಕಿದಳು.

"ಒಯ್ದಿಲ್ಲ, ಒಯ್ದಿಲ್ರಿ!" ಶಿಕ್ಷಕಿ ಓಡಿ ಬಂದಳು. "ನಾನ ಹೋಗು ಅಂದಿದ್ದೆ. ಹುಡುಗಿ 'ತುಂಡು ಎಲ್ಲಿ' ಅಂತು. ಅವಗ ತಿಳೀಲಿಲ್ಲ. ಕೈ ಹಿಡಿಯಾಕ ಹೋದ, ಕಚ್ಚಿ ಓಡಿ ಬಿಸಿಯೂಟದ ಕೋಣಿ ಹೊಕ್ಕು ಚಿಲಕ ಹಾಕ್ಕೊಂಡಾಳ. ಅಡಗಿಯವರು ಬಾಗಿಲ ಮುಂದ ಸೌಟು ಹಿಡ್ಕೊಂಡು ನಿಂತ್ರು. 'ಇಲ್ಲೇ ಇರ್ತೀನಿ, ಎಷ್ಟೊತ್ತು ಕುಂದರ್ತಾಳ ನೋಡ್ತೀನಿ' ಅಂದು ಹೋಗ್ಯಾನ."

ಇಲ್ಲೇ ಅಂದರೆ ಎಲ್ಲಿ? ಮೇಡಂ ಮತ್ತು ಅಖ್ತರ್ ಗೇಟಿನ ಕಡೆ ಓಡಿದರು. ಅಶ್ವಿನಿ ಅಡುಗೆಕೋಣೆಯ ಬಾಗಿಲು ತಟ್ಟಿದಳು.

"ಅಮ್ಮೂ. ಚಿಲಕ ತೆಗಿ. ನಾನವ್ವ."

ಒಳಗೆ ಪಾತ್ರೆ ಸರಿದ ಸದ್ದು. "ತುಂಡು?"

ಅಶ್ವಿನಿ ರವಿಕೆಗೆ ಕೈ ಹಾಕಿದಳು. ಆಗ ನೆನಪಾಯಿತು. ಮಣ್ಣು ಮೆತ್ತಿದ ಬರಿಗೈ ಹೊರಗೆ ಬಂತು.

"ಗದ್ದೆಮ್ಮಜ್ಜಿ ಕೈಯಾಗ ಇಟ್ಟು ಬಂದೀನವ್ವ. ತೆಗಿ."

ಬಾಗಿಲ ಕೆಳಗಿನ ಸಂದಿಯಲ್ಲಿ ಪುಟ್ಟ ನೆರಳು ಸರಿಯಿತು.

"ಅವ್ವಾ, ನಿನ್ನ ಹಿಂದ ಯಾರದಾರ?"

"ಯಾರಿಲ್ಲ ಕೂಸೇ. ನಾ ಒಬ್ಬಾಕೆ ಇದೀನಿ."

"ಹಂಗನ್ನು ಅಂತ ಹೇಳ್ಯಾನೇನು?"

ಅಶ್ವಿನಿಗೆ ಮತ್ತೆ ತಟ್ಟುವ ಧೈರ್ಯವಾಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಗೇಟಿನ ಕಡೆ ಮುಖ ಮಾಡಿ, ನೆಲದ ಮೇಲೆ ಕೂತಳು. ಹೊರಗಿನ ರಸ್ತೆಯಲ್ಲಿ ಯಾವುದೋ ಬೈಕು ನಿಧಾನ ಮಾಡಿತು, ಮುಂದೆ ಹೋಯಿತು.

ಬಾಗಿಲ ಕೆಳಗಿನ ಸಂದಿಯಿಂದ ಹಸಿರು ಅಂಚು ಬೆರಳುದ್ದ ಹೊರಗೆ ಬಂತು. ಅಶ್ವಿನಿ ಮಣ್ಣಿನ ಕೈಯಿಂದಲೇ ಅದನ್ನು ಹಿಡಿದಳು. ಒಳಗಿನಿಂದ ಮಗು ಇನ್ನೊಂದು ತುದಿಯನ್ನು ಬಿಗಿಯಾಗಿ ಜಗ್ಗಿ ಹಿಡಿದಿತ್ತು. ಚಿಲಕ ಮಾತ್ರ ತೆಗೆಯಲಿಲ್ಲ.