ಹೊರಟು ನಿಂತ ಮೇಲಿನ ಮಾತು

ನಮ್ಮ ಅಯೋವಾದಲ್ಲಿ ಮನೆಯ ಯಜಮಾನ ಎರಡೂ ತೊಡೆ ತಟ್ಟಿ "ಸರಿ ಹಾಗಾದ್ರೆ" ಅಂದರೆ ಬಂದವರು ಹೊರಡಬೇಕು ಅಂತಲ್ಲ, ಹೊರಡುವ ಕೆಲಸ ಶುರು ಮಾಡಬಹುದು ಅಂತ. ಎದ್ದು ನಿಂತು ಅರ್ಧ ಗಂಟೆ, ಹೊಸ್ತಿಲಲ್ಲಿ ಸ್ವಲ್ಪ, ಕಾರಿನ ಪಕ್ಕದಲ್ಲಿ ಮತ್ತಷ್ಟು. ಮದುವೆ, ಜಮೀನು, ಮುನಿಸು, ಎಲ್ಲ ಇತ್ಯರ್ಥವಾಗುವುದು ಅಲ್ಲೇ. ಸೋಫಾದಲ್ಲಿ ಕೂತಾಗ ನಾವು ಮಳೆ ಗಾಳಿಯ ಹೊರತು ಬೇರೇನೂ ಮಾತಾಡುವವರಲ್ಲ.

ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಡೀನಾ ಫೆರಾರೊಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಅವಳು ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಮುಖ್ಯ ಕೋಚ್. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅಧಿಕಾರದಲ್ಲಿ ದೊಡ್ಡವಳು. ನಾನು ಮಾರ್ಲಿಸ್, ಸಹಾಯಕ ಕೋಚ್. ನಮ್ಮ ರಾಜ್ಯದ ಒಳ್ಳೆಯ ಆಟಗಾರ್ತಿಯರು ಹೊರರಾಜ್ಯದ ಕಾಲೇಜುಗಳ ಪಾಲಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ನಮ್ಮ ಹುಡುಗಿಯರೇ ಬೇರೆಯವರ ಜೆರ್ಸಿ ತೊಟ್ಟು ಬಂದು ನಮ್ಮನ್ನು ಸೋಲಿಸಿ ಹೋಗುತ್ತಿದ್ದರು.

"ಬ್ರಿನ್ ಕೈತಪ್ಪಿದ್ರೆ ನಿನ್ನನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ, ಮಾರ್ಲಿಸ್," ಅಂದಳು ಡೀನಾ, ಆ ಹುಡುಗಿಯನ್ನು ನಮ್ಮ ತಂಡಕ್ಕೆ ಕರೆಯಲು ಅವಳ ಮನೆಗೆ ಕಾರು ಓಡಿಸುತ್ತಾ. "ಊರಿನವಳು ಅಂತ ಇಟ್ಕೊಂಡಿದೀರಿ, ಊರಿನ ಮಕ್ಕಳೇ ಬರಲ್ವಲ್ಲ ಅಂತ ಮೇಲಿನವರು ಕೇಳ್ತಿದಾರೆ."

"ಅವ್ರ ಮನೇಲಿ ಸ್ವಲ್ಪ ನಿಧಾನ ಮಾಡಿ, ಕೋಚ್."

"ಸಂಜೆ ವಿಮಾನ ಹಿಡೀಬೇಕು. ನಿಧಾನ ಎಲ್ಲಿಂದ ತರ್ಲಿ?"

ನಾನು ಬಾಯಿ ಮುಚ್ಚಿಕೊಂಡೆ. ಎದುರಿಗಿದ್ದವರ ಮುಖಕ್ಕೆ ನೇರವಾಗಿ ಹೇಳುವುದು ನಮ್ಮ ಕಡೆ ರೂಢಿಯಿಲ್ಲ.

ಬ್ರಿನ್ ಹಿನ್‌ರಿಕ್ಸ್ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಉದ್ದದ ಹುಡುಗಿ. ಚೆಂಡು ಕೈಗೆ ಬಂದರೆ ಬುಟ್ಟಿ ಎಲ್ಲಿದೆ ಅಂತ ನೋಡುವುದೂ ಇಲ್ಲ. ಅವಳನ್ನು ಸಾಕಿದವರು ಅಪ್ಪ ಡ್ವೇನ್ ಮತ್ತು ಅಜ್ಜಿ ಅರ್ಡಿತ್. ಅಜ್ಜಿ ನಮಗೆ ಹುರುಳಿಕಾಯಿ ಬೀಜ, ಮಾಂಸ ಹಾಕಿ ಕುದಿಸಿದ ಖಾರದ ಚಿಲಿಯ ಜೊತೆ ದಾಲ್ಚಿನ್ನಿಯ ಸಿಹಿ ರೋಲ್ ಬಡಿಸಿದರು. ನಮ್ಮಲ್ಲಿ ಅವೆರಡನ್ನೂ ಒಟ್ಟಿಗೇ ತಿನ್ನುವುದು. ಡೀನಾ ರೋಲನ್ನು ಆಮೇಲೆ ತಿನ್ನಲೆಂದು ಪಕ್ಕಕ್ಕೆ ಸರಿಸಿದಳು.

"ಅದನ್ಯಾಕಮ್ಮ ದೂರ ತಳ್ಳಿದೆ?" ಅಂದರು ಅಜ್ಜಿ. "ನಿನ್ನ ಜೊತೆ ಜಗಳ ಆಡ್ತಾ?"

ಊಟವಾದ ಮೇಲೆ ಡೀನಾ ಹೊಸ ಕ್ರೀಡಾಂಗಣದ ಚಿತ್ರ ತೋರಿಸಿ ಪಟಪಟನೆ ಮಾತಾಡಿದಳು. ಡ್ವೇನ್ ಎಲ್ಲ ಕೇಳಿ, "ಪರವಾಗಿಲ್ಲ," ಅಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಆದರೆ ಡೀನಾಳ ಮುಖ ಬಾಡಿತು. ಅಷ್ಟರಲ್ಲಿ ಡ್ವೇನ್ ತೊಡೆ ತಟ್ಟಿ "ಸರಿ ಹಾಗಾದ್ರೆ" ಅಂದುಬಿಟ್ಟ. ಡೀನಾ ತಟ್ಟನೆ ಎದ್ದು ಎಲ್ಲರ ಕೈಕುಲುಕಿದಳು. ನಾನು ಕೋಟಿಗೆ ಒಂದು ತೋಳು ತೂರಿಸುವಷ್ಟರಲ್ಲಿ ಅವಳು ಕಾರು ಸ್ಟಾರ್ಟ್ ಮಾಡಿ ಕೂತಿದ್ದಳು.

ಮನೆಯವರೆಲ್ಲ ಕೋಟು ಹಾಕಿಕೊಂಡು ಅಂಗಳಕ್ಕೆ ಬಂದರು. ಅಕ್ಟೋಬರ್ ಕೊನೆಯ ಗಾಳಿ ಕಿವಿ ಕೊಯ್ಯುತ್ತಿತ್ತು.

"ಪಾಪ, ಅವ್ರಿಗೆ ನಮ್ಮನೆ ಹಿಡಿಸ್ಲಿಲ್ಲ ಅನ್ಸುತ್ತೆ," ಅಂದ ಡ್ವೇನ್. "ಮೊನ್ನೆ ಬಂದಿದ್ದ ಟೆಕ್ಸಾಸಿನ ಕೋಚ್ ಕತ್ತಲಾಗೋವರೆಗೂ ಇದ್ರು. ಒಳ್ಳೆ ಮನುಷ್ಯ."

"ಅವ್ರ ಕಾರು ನಮ್ಮ ಚರಂಡಿಗೆ ಬಿದ್ದಿತ್ತಪ್ಪಾ," ಅಂದಳು ಬ್ರಿನ್.

"ಬಿದ್ರೇನು? ಇದ್ರಲ್ಲ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮೂರು ವರ್ಷ ಮನೆಮನೆಯಲ್ಲೂ ಹೀಗೇ ಈ ಹೆಂಗಸಿನ ಹಿಂದೆ ಓಡಿದ್ದೆ. ಕೆಲಸ ಹೇಗೂ ಹೋಗುತ್ತದೆ, ಇನ್ನು ಮರ್ಯಾದೆ ಯಾಕೆ ಅನ್ನಿಸಿತು. ಹೋಗಿ ಕಾರಿನ ಬಾಗಿಲು ತೆಗೆದೆ.

"ಇಳೀರಿ."

"ಹೊರಡಿ ಅಂತ ಅವರೇ ಹೇಳಿದ್ರಲ್ಲ."

"ಈಗ ಮಾತು ಶುರು. ವಿಮಾನ ಹೋದ್ರೆ ಹೋಗ್ಲಿ. ಇಳೀರಿ ಅಂದ್ನಲ್ಲ."

ನನ್ನ ದನಿಗೆ ಹೆದರಿಯೋ ಏನೋ, ಇಳಿದಳು. ತೆಳು ಬೂಟಿನಲ್ಲಿ ನಡುಗುತ್ತಿದ್ದವಳಿಗೆ ಅಜ್ಜಿ ತೀರಿಹೋದ ಗಂಡ ಹಂದಿದೊಡ್ಡಿಗೆ ಹಾಕುತ್ತಿದ್ದ ಕೋಟು ತಂದು ಹೊದಿಸಿದರು. "ಹಂದಿ ವಾಸನೆ ಬರುತ್ತೆ. ಬೆಚ್ಚಗಿರುತ್ತೆ, ಸಹಿಸ್ಕೋ."

ಜೋಳದ ಕೊಯ್ಲಿನ ವಿಷಯ ಬಂತು, ಹೋಯಿತು. ಪಾದ್ರಿಯ ಮಂಡಿನೋವಿನ ವಿಷಯ ಬಂತು. ಆಮೇಲೆ ಡ್ವೇನ್ ನಮ್ಮ ಕಾರಿನ ಟೈರು ನೋಡುತ್ತಾ, "ಬ್ರಿನ್ ದೂರದ ಕಾಲೇಜಿಗೆ ಹೋಗ್ತೀನಿ ಅನ್ನೋದು ಆಟಕ್ಕಲ್ಲ. ನಮ್ಮಮ್ಮನಿಂದ," ಅಂದ.

"ನಾನೇನ್ ಮಾಡ್ದೆ?" ಅಂದರು ಅಜ್ಜಿ.

"ರೆಫರಿಗಳಿಗೆ ಬೈತೀಯಲ್ಲ ಅಜ್ಜಿ," ಬ್ರಿನ್ ಕಾಲಿನಿಂದ ಜಲ್ಲಿಕಲ್ಲು ತಳ್ಳುತ್ತಾ ಹೇಳಿದಳು. "ಹೋದ ವರ್ಷ ಪಂದ್ಯದ ಮಧ್ಯೆ ನಿನ್ನನ್ನ ಜಿಮ್ಮಿನಿಂದ ಆಚೆ ಕಳಿಸಿದ್ರು. ನಾನು ಫ್ರೀ ಥ್ರೋಗೆ ನಿಂತಿದ್ದೆ. ಇಡೀ ಊರು ನಗ್ತಿತ್ತು."

"ಆ ರೆಫರಿಗೆ ಕಣ್ಣು ಕಾಣ್ತಿರ್ಲಿಲ್ಲ."

"ಅವ್ರು ನಮ್ಮ ಗಣಿತದ ಮೇಷ್ಟ್ರು."

ನಾನು ತುಟಿ ಕಚ್ಚಿಕೊಂಡೆ. ಡೀನಾ ಮೊದಲ ಸಲ ನಿಧಾನವಾಗಿ ಮಾತಾಡಿದಳು. "ಅಜ್ಜಿ, ನಮ್ಮ ಕ್ರೀಡಾಂಗಣಕ್ಕೆ ಬನ್ನಿ. ಅಲ್ಲಿ ನಾನು ಕೂಗೋ ಕೂಗಿಗೆ ನಿಮ್ಮದು ಯಾರಿಗೂ ಕೇಳ್ಸಲ್ಲ. ಎರಡು ಸಲ ನನ್ನನ್ನೇ ಆಚೆ ಕಳಿಸಿದಾರೆ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮೊದಲ ಬಾರಿಗೆ ಮೆಚ್ಚುಗೆಯಿಂದ. ಆಮೇಲೆ ಮೊಮ್ಮಗಳ ಕಡೆ ತಿರುಗಿದರು.

"ನೀನು ಇಲ್ಲೇ ಆಡು. ನಾನು ಬಾಯಿ ಬಿಡಲ್ಲ."

ಇದನ್ನು ಯಾರೂ ನಂಬಲಿಲ್ಲ. ಡ್ವೇನ್ ಕೆಮ್ಮಿದ.

"ಆಯ್ತು, ಬರೋದೇ ಇಲ್ಲ," ಅಂದರು ಅಜ್ಜಿ. "ರೇಡಿಯೋದಲ್ಲಿ ಕೇಳ್ತೀನಿ. ಅಡುಗೆಮನೇಲಿ ಕೂತು ಬೈದ್ರೆ ಯಾರಿಗೇನು?"

ಇದನ್ನು ಮಾತ್ರ ಎಲ್ಲರೂ ನಂಬಿದೆವು. ಬ್ರಿನ್ ಅಜ್ಜಿಯ ಮುಖ ನೋಡಿದಳು, ಬಹಳ ಹೊತ್ತು.

"ನೀನು ಬರ್ದೇ ನಾನು ಯಾವತ್ತು ಆಡಿದೀನಿ?" ಅಂದಳು ಕೊನೆಗೆ. "ಬಾ. ಹೆಸರು ಹಿಡಿದು ಮಾತ್ರ ಬೈಬೇಡ." ಆಮೇಲೆ ಡೀನಾಳಿಗೆ, "ನಾನು ನಿಮ್ಮಲ್ಲೇ ಆಡ್ತೀನಿ, ಕೋಚ್," ಅಂದಳು.

ಡೀನಾ ಹಂದಿ ವಾಸನೆಯ ಕೋಟಿನಲ್ಲೇ ನನ್ನನ್ನು ಬಾಚಿ ತಬ್ಬಿಕೊಂಡಳು. ನಾನು ಅತ್ತೆ, ಚಳಿಗೆ ಕಣ್ಣೀರು ಬಂತು ಅಂದೆ. ಅಜ್ಜಿ ಏನೋ ಹೇಳಲು ಬಾಯಿ ತೆರೆದರು, ಆಗಲಿಲ್ಲ. ಮೊಮ್ಮಗಳ ತೋಳು ಹಿಡಿದುಕೊಂಡು ಸುಮ್ಮನೆ ನಿಂತರು. ಅರ್ಡಿತ್ ಹಿನ್‌ರಿಕ್ಸ್‌ಗೆ ಮಾತು ಹೊರಡದ್ದನ್ನು ಆ ಮನೆಯವರು ಕಂಡದ್ದು ಅದೇ ಮೊದಲು.